ತಪ್ಪು ಒತ್ತಿದವರದ್ದೋ, ಗುಂಡಿ ಇಟ್ಟವರದ್ದೋ?

ಯುಎಕ್ಸ್ ಡಿಸೈನ್ ಮತ್ತು ಅದರ ಉದ್ಯೋಗ: ಊರಲ್ಲಿ ಕೇಳುವ ಮಾತು, ಕೆಲಸದ ಸತ್ಯ

ಪಿಯುಸಿ ಫಲಿತಾಂಶ ಬಂದ ವಾರ ಕೊಡ್ಲಿ, ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಮನೆಗಳಲ್ಲಿ ‘ಮುಂದೇನು?’ ಎಂದರೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಗೊತ್ತಿರುವವೇ. ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿ ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆ ಸೇರುವುದು, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮಾಡುವುದು, ಬಿ.ಇಡಿ ಮಾಡುವುದು, 371(ಜೆ) ಮೀಸಲಾತಿ ನೆಚ್ಚಿ ಸರ್ಕಾರಿ ನೌಕರಿಗೆ ಓದುವುದು. ಈಚೆಗೆ ಇವುಗಳ ಪಕ್ಕದಲ್ಲಿ ‘ಯುಎಕ್ಸ್ ಡಿಸೈನ್’ ಎಂಬ ಹೆಸರೂ ಕಿವಿಗೆ ಬೀಳುತ್ತಿದೆ. ಬೆಂಗಳೂರಿನ ನೆಂಟರ ಹುಡುಗ ಹೇಳಿದ್ದು, ಯೂಟ್ಯೂಬ್ ಜಾಹೀರಾತು ಹೇಳಿದ್ದು, ಗೆಳೆಯರು ಊಹಿಸಿದ್ದು ಎಲ್ಲ ಸೇರಿ ಅದರ ಬಗ್ಗೆ ಅರ್ಧಂಬರ್ಧ ಚಿತ್ರವೊಂದು ಮೂಡಿದೆ.

ಯುಎಕ್ಸ್ ಎಂದರೆ ಯೂಸರ್ ಎಕ್ಸ್‌ಪೀರಿಯನ್ಸ್. ಒಂದು ವಸ್ತುವನ್ನೋ ಸೇವೆಯನ್ನೋ ಬಳಸುವವರಿಗೆ ಮೊದಲಿನಿಂದ ಕೊನೆಯವರೆಗೆ ಏನು ಅನುಭವವಾಗುತ್ತದೆ ಎಂದು ನೋಡಿ, ಆ ಅನುಭವವನ್ನು ಸಲೀಸು ಮಾಡುವ ಕೆಲಸ. ಅಮೆರಿಕದ ಮನಶ್ಶಾಸ್ತ್ರಜ್ಞ ಡಾನ್ ನಾರ್ಮನ್ 1993ರಲ್ಲಿ ಆ್ಯಪಲ್ ಕಂಪನಿ ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲೇ ಈ ಪದ ಇಟ್ಟುಕೊಂಡರು. ಹೆಸರು ಹಬ್ಬಿದ್ದು ಆಮೇಲೆ. ಕೆಲಸ ಮಾತ್ರ ಅದಕ್ಕಿಂತ ಬಹಳ ಹಳೆಯದು, ನಮ್ಮ ನಡುವೆಯೇ ನಡೆದಿರುವಂಥದ್ದು.

ಕಲ್ಪನೆ 1: “ಯುಎಕ್ಸ್ ಅಂದ್ರ ಸ್ಕ್ರೀನಿಗಿ ಬಣ್ಣ ಹಚ್ಚೋದು, ಚಂದ ಮಾಡೋದು.”

ಸತ್ಯ: ಚಂದ ಮಾಡುವ ಭಾಗಕ್ಕೆ ಯುಐ (ಯೂಸರ್ ಇಂಟರ್‌ಫೇಸ್) ಎನ್ನುತ್ತಾರೆ. ಮನೆಗೆ ಹಾಸಿದ ಶಹಾಬಾದ್ ಫರಸಿ ಎಷ್ಟು ನುಣುಪಾಗಿದೆ ಎಂಬುದು ಯುಐ ಆದರೆ, ತುಂಬಿದ ಕೊಡ ಹೊತ್ತವರು ಬಾಗಿಲಿನಿಂದ ಅಡುಗೆಮನೆಗೆ ಎಡವದೆ ಹೋಗಬಹುದೇ ಎಂಬುದು ಯುಎಕ್ಸ್.

ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ‘ಭೂಮಿ’ ಯೋಜನೆ ನೋಡಬೇಕು. ಅದಕ್ಕೆ ಮೊದಲು ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ತನ್ನ ಹೊಲದ ಕಾಗದ ಬೇಕಾದರೆ ರೈತ ಅವರನ್ನು ಹುಡುಕಿಕೊಂಡು ಹೋಗಬೇಕು, ಕೈ ಬಿಸಿ ಮಾಡಬೇಕು, ಬರೆದುಕೊಟ್ಟದ್ದನ್ನು ನಂಬಬೇಕು. ಹೊಸ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. 177 ತಾಲ್ಲೂಕು ಕಚೇರಿಗಳ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು.

ಅಲ್ಲಿನ ಎರಡು ತೀರ್ಮಾನಗಳನ್ನು ಗಮನಿಸಿ. ಮೊದಲನೆಯದು, ಕಿಟಕಿಯಲ್ಲಿ ಇನ್ನೊಂದು ಪರದೆಯನ್ನು ರೈತನ ಕಡೆಗೆ ಮುಖ ಮಾಡಿ ಇಟ್ಟಿದ್ದು. ಒಳಗೆ ಕೂತವರು ಏನು ತೆರೆದಿದ್ದಾರೆ, ಸರ್ವೆ ನಂಬರ್ ಸರಿಯಿದೆಯೇ, ಯಾರ ಹೆಸರಿದೆ ಎಂಬುದು ಹೊರಗೆ ನಿಂತವರಿಗೂ ಕಾಣುತ್ತಿತ್ತು. ಎರಡನೆಯದು, ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಯೇ ಮೊದಲು ಎಂಬ ನಿಯಮವನ್ನು ಸಾಫ್ಟ್‌ವೇರಿನೊಳಗೇ ಕೂಡಿಸಿದ್ದು. ಬೇಕಾದವರ ಅರ್ಜಿಯನ್ನು ಮೇಲಕ್ಕೆ ಎತ್ತಿಡಲು ಗುಮಾಸ್ತನಿಗೆ ದಾರಿಯಿರಲಿಲ್ಲ. ಎರಡರಲ್ಲೂ ಬಣ್ಣದ ಮಾತಿಲ್ಲ. ಯುಎಕ್ಸ್ ಡಿಸೈನರ್ ತಲೆ ಕೆಡಿಸಿಕೊಳ್ಳುವುದು ಇಂಥ ತೀರ್ಮಾನಗಳಿಗೆ.

ಕಲ್ಪನೆ 2: “ಇದು ಮೊಬೈಲು, ಕಂಪ್ಯೂಟರಿಗಷ್ಟೇ ಸಂಬಂಧ.”

ಸತ್ಯ: ಸ್ವತಂತ್ರ ಭಾರತದ ಅತಿ ದೊಡ್ಡ ಯುಎಕ್ಸ್ ಪ್ರಶ್ನೆ ಎದ್ದಾಗ ದೇಶದಲ್ಲಿ ಕಂಪ್ಯೂಟರೇ ಇರಲಿಲ್ಲವೆನ್ನಬೇಕು. 1951ರ ಜನಗಣತಿಯಂತೆ ಸಾಕ್ಷರತೆ ಶೇ 18ರ ಆಸುಪಾಸು. ಓದಲಾರದವರು ತಮಗೆ ಬೇಕಾದ ಅಭ್ಯರ್ಥಿಗೇ ಮತ ಹಾಕುವಂತೆ ಮಾಡುವುದು ಹೇಗೆ? 1951–52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿದರು. ಮತಪತ್ರದ ಮೇಲೆ ಏನನ್ನೂ ಬರೆಯಬೇಕಿರಲಿಲ್ಲ, ನಿಮ್ಮ ಚಿಹ್ನೆಯ ಪೆಟ್ಟಿಗೆಯಲ್ಲಿ ಅದನ್ನು ಹಾಕಿದರಾಯಿತು. ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಗುಲ್ಬರ್ಗಾ ಜಿಲ್ಲೆಯ ಹಿರಿಯರೂ ಮತ ಹಾಕಿದ್ದು ಹೀಗೆಯೇ.

ಮುಂದೆ ಬಂದ ಮತಯಂತ್ರವನ್ನು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುತ್ತವೆ. ನೀಲಿ ಗುಂಡಿ ಒತ್ತಿದೊಡನೆ ಚಿಹ್ನೆಯ ಪಕ್ಕ ಕೆಂಪು ದೀಪ ಹೊತ್ತುತ್ತದೆ, ಉದ್ದನೆಯ ಬೀಪ್ ಸದ್ದು ಕೇಳುತ್ತದೆ, ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ. ದೃಷ್ಟಿಯಿಲ್ಲದವರಿಗಾಗಿ ಬ್ರೈಲ್ ಅಂಕಿಗಳಿವೆ. ಮತಗಟ್ಟೆ ಅಧಿಕಾರಿ ತನ್ನ ಕಡೆಯ ಗುಂಡಿ ಒತ್ತುವ ತನಕ ಮತದಾರನ ಗುಂಡಿ ಕೆಲಸ ಮಾಡುವುದಿಲ್ಲವಾದ್ದರಿಂದ ಒಬ್ಬರು ಎರಡು ಸಲ ಒತ್ತಿದರೂ ಮತ ಒಂದೇ. ಕಣ್ಣು, ಕಿವಿ, ಕೈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಪ್ಪಿಗೆ ಮೊದಲೇ ತಡೆ ಹಾಕಿದ ವಿನ್ಯಾಸವಿದು.

ಕಲ್ಪನೆ 3: “ಓದು ಬರದವರು ತಪ್ಪು ಒತ್ತತಾರ, ಅದಕ್ಕ ಆ್ಯಪ್ ಏನು ಮಾಡತದ?”

ಸತ್ಯ: ತರಬೇತಿ ಪಡೆದ ಸಿಬ್ಬಂದಿಯೂ ತಪ್ಪು ಒತ್ತುತ್ತಾರೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒಂದು ಕವಾಟ ಮುಚ್ಚದೆ ತೆರೆದೇ ಉಳಿಯಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತ್ತು. ಆ ದೀಪ ತೋರಿಸುತ್ತಿದ್ದುದು ಕವಾಟಕ್ಕೆ ‘ಮುಚ್ಚು’ ಎಂಬ ಆಜ್ಞೆ ಹೋಗಿದೆ ಎಂಬುದನ್ನು. ಕವಾಟ ನಿಜಕ್ಕೂ ಮುಚ್ಚಿದೆಯೇ ಎಂಬುದನ್ನಲ್ಲ. ಒಟ್ಟೊಟ್ಟಿಗೆ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಮೊಳಗಿದವು. ದೀಪವನ್ನು ನಂಬಿದ ಸಿಬ್ಬಂದಿ ತಪ್ಪು ಹೆಜ್ಜೆ ಇಟ್ಟರು, ಸ್ಥಾವರದ ಒಡಲು ಭಾಗಶಃ ಕರಗಿತು. ಆ ಕೊಠಡಿಯನ್ನು ಪರಿಶೀಲಿಸಲು ಕರೆಸಿದವರಲ್ಲಿ ಡಾನ್ ನಾರ್ಮನ್ ಕೂಡ ಒಬ್ಬರು. ದೋಷ ಸಿಬ್ಬಂದಿಯದ್ದಲ್ಲ, ಕೊಠಡಿಯ ವಿನ್ಯಾಸದ್ದು ಎಂಬ ಅರಿವೇ ಅವರ ಮುಂದಿನ ಬರವಣಿಗೆಗೆ ಬುನಾದಿಯಾಯಿತು.

ಈ ಪಾಠ ನಮ್ಮ ಸೀಮೆಗೆ ದೂರದ್ದಲ್ಲ. ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಪಾಳಿಯಿಡೀ ಪರದೆ ನೋಡುತ್ತ ಕಿಲ್ನ್ ನಡೆಸುವವರಿಗೆ ಯಾವ ಅಲಾರಂ ಮೊದಲು ಕಾಣಬೇಕು ಎಂಬುದೂ ಇದೇ ವಿದ್ಯೆಯ ಪ್ರಶ್ನೆ. ಹಣ ಕಳಿಸುವ ಆ್ಯಪಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತಲೇ ಇದ್ದರೆ ಯಾರೇ ಆದರೂ ಇನ್ನೊಮ್ಮೆ ಒತ್ತುತ್ತಾರೆ. ‘ಹಣ ಹೋಗಿಲ್ಲ, ಸ್ವಲ್ಪ ತಡೆಯಿರಿ’ ಎಂಬ ಒಂದು ಸಾಲು ಅಲ್ಲಿ ಇರಬೇಕಿತ್ತು. ಅದನ್ನು ಇಡದಿದ್ದವರು ತಪ್ಪಿತಸ್ಥರು.

ಕಲ್ಪನೆ 4: “ಇಂಗ್ಲಿಷ್ ಆ್ಯಪನ್ನ ಕನ್ನಡಕ್ಕ ತಿರುಗಿಸಿದ್ರ ಕನ್ನಡದವರಿಗಿ ಸಾಕು.”

ಸತ್ಯ: ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಜಾಗದಲ್ಲಿ ಕನ್ನಡ ಹಿಡಿಸುವುದಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಅಂತರ ಕಡಿಮೆಯಾದರೆ ಕೆಳಗಿನ ಸಾಲಿಗೆ ತಗಲುತ್ತವೆ, ಗುಂಡಿಯೊಳಗೆ ಬರೆದರೆ ಬುಡ ಕತ್ತರಿಸಿಹೋಗುತ್ತದೆ.

ಅಕ್ಷರ ದಾಟಿದರೆ ಹೆಸರಿನ ತೊಡಕು. ಮೈಸೂರು ಕಡೆಯವರು ಹೆಸರಿನ ಮುಂದೆ ಇನಿಷಿಯಲ್ ಬರೆದರೆ, ನಮ್ಮ ಕಡೆ ತಂದೆಯ ಹೆಸರು, ಅಡ್ಡಹೆಸರು ಹಿಂದೆ ಬರುತ್ತವೆ. ‘ಸರ್‌ನೇಮ್’ ಕಡ್ಡಾಯ ಎನ್ನುವ ಅರ್ಜಿ ಒಂದು ಕಡೆಯವರಿಗೆ ಸಲೀಸು, ಇನ್ನೊಂದು ಕಡೆಯವರಿಗೆ ಗೋಡೆ. ಪಹಣಿಯಲ್ಲೊಂದು, ಆಧಾರಿನಲ್ಲೊಂದು, ಪಾಸ್‌ಬುಕ್ಕಿನಲ್ಲೊಂದು ಕಾಗುಣಿತವಿದ್ದರೆ ಪರಿಹಾರದ ಹಣ ನಿಂತುಹೋಗುವುದು ರೈತರಿಗೆ ಗೊತ್ತಿರುವ ಸಂಗತಿ. ಜೊತೆಗೆ ನಮ್ಮ ಮನೆಗಳ ಮಾತು ಕನ್ನಡವೊಂದೇ ಅಲ್ಲ. ದಖ್ಖನಿ ಉರ್ದು ಉಂಟು, ತೆಲುಗು ಉಂಟು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಉಂಟು. ಭಾಷೆಯಾಚೆ ಬಳಸುವ ಸಂದರ್ಭವೂ ಇದೆ. ಕೈಯಲ್ಲಿ ತಕ್ಕಡಿ ಹಿಡಿದ ಕಿರಾಣಿ ಅಂಗಡಿಯವರು ಫೋನ್ ನೋಡಲಾರರು ಎಂದು ಅರಿತಾಗಲೇ ಹಣ ಬಂದದ್ದನ್ನು ಕೂಗಿ ಹೇಳುವ ಯುಪಿಐ ಡಬ್ಬಿ ಅಂಗಡಿಗೆ ಬಂದಿದ್ದು. ಇಂಟರ್ನೆಟ್ ಇಲ್ಲದ ಸಾದಾ ಫೋನಿನವರಿಗಾಗಿ 2022ರ ಮಾರ್ಚ್‌ನಲ್ಲಿ ‘ಯುಪಿಐ 123ಪೇ’ ಬಂತು. ಅನುವಾದ ಎಷ್ಟೇ ಸೊಗಸಾಗಿರಲಿ, ಈ ಎರಡೂ ಅದರಿಂದ ಹುಟ್ಟುತ್ತಿರಲಿಲ್ಲ.

ಕಲ್ಪನೆ 5: “ಸಾವಿರಾರು ಮಂದಿನ ಕೇಳಿದ್ರೇ ತಪ್ಪು ತಿಳಿತಾವ.”

ಸತ್ಯ: ಐದು ಜನ ಸಾಕಾಗಬಹುದು. ಐವರನ್ನು ಒಬ್ಬೊಬ್ಬರಾಗಿ ಕೂರಿಸಿ ಬಳಸಲು ಕೊಟ್ಟು ನೋಡಿದರೆ ಸುಮಾರು ಶೇ 85ರಷ್ಟು ತೊಡಕುಗಳು ಹೊರಬೀಳುತ್ತವೆ ಎಂಬುದು ಯುಎಕ್ಸ್ ತಜ್ಞ ಯಾಕೋಬ್ ನೀಲ್ಸನ್ ಅವರ ಹೆಸರಾಂತ ಲೆಕ್ಕ. ಸರಿಪಡಿಸಿ, ಮತ್ತೆ ಬೇರೆ ಐವರಿಗೆ ಕೊಡಬೇಕು. ರೈತರು, ಅಂಗಡಿಯವರು ಎಂದು ಬಳಸುವವರಲ್ಲಿ ಬೇರೆ ಬೇರೆ ಗುಂಪುಗಳಿದ್ದರೆ ಪ್ರತಿ ಗುಂಪಿನಿಂದಲೂ ಜನ ಬೇಕು. ‘ಹೆಂಗದ?’ ಎಂದು ಕೇಳಿದರೆ ಎಲ್ಲರೂ ‘ಛಲೋ ಅದ’ ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡು ಅವರ ಬೆರಳು ಎಲ್ಲಿ ತಡೆಯುತ್ತದೆ ಎಂದು ನೋಡಬೇಕು.

ಕಲ್ಪನೆ 6: “ಗಿರಾಕಿನ ಹೆಂಗಾರ ಮಾಡಿ ಒತ್ತಿಸೋದೇ ಜಾಣತನ.”

ಸತ್ಯ: ಆ ಜಾಣತನ ಈಗ ಕಾನೂನಿನ ಕಣ್ಣಿಗೆ ಬಿದ್ದಿದೆ. ಬೇಡದ ವಿಮೆಯನ್ನು ಸದ್ದಿಲ್ಲದೆ ಬುಟ್ಟಿಗೆ ಸೇರಿಸುವುದು, ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಚಂದಾ ನಿಲ್ಲಿಸುವ ದಾರಿಯನ್ನು ಬಚ್ಚಿಡುವುದು ಇವೆಲ್ಲಕ್ಕೆ ‘ಡಾರ್ಕ್ ಪ್ಯಾಟರ್ನ್’ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಮೋಸ ಹೋದವರು 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಕಲ್ಪನೆ 7: “ಕೋಡಿಂಗ್ ಬರಬೇಕು, ಇಲ್ಲಂದ್ರ ಚಿತ್ರ ತೆಗಿಲಾಕ ಬರಬೇಕು.”

ಸತ್ಯ: ಎರಡೂ ಕಡ್ಡಾಯವಲ್ಲ, ಬಂದರೆ ಲಾಭ. ಯುಎಕ್ಸ್ ಎಂಬುದು ಹಲವು ಹುದ್ದೆಗಳ ಗುಂಪು. ರಿಸರ್ಚರ್ ಜನರ ಬಳಿ ಹೋಗಿ ನೋಡುತ್ತಾರೆ, ಕೇಳುತ್ತಾರೆ. ಇಂಟರಾಕ್ಷನ್ ಡಿಸೈನರ್ ಹೆಜ್ಜೆಗಳ ಕ್ರಮ ಕಟ್ಟುತ್ತಾರೆ. ಯುಐ ಡಿಸೈನರ್ ಅದಕ್ಕೆ ರೂಪ ಕೊಡುತ್ತಾರೆ. ಯುಎಕ್ಸ್ ರೈಟರ್ ಗುಂಡಿಯ ಮೇಲಿನ ಮಾತು, ತಪ್ಪಾದಾಗಿನ ಸೂಚನೆ ಬರೆಯುತ್ತಾರೆ. ಅಂಗವಿಕಲರೂ ಬಳಸಬಲ್ಲರೇ ಎಂದು ಪರೀಕ್ಷಿಸುವ ಆ್ಯಕ್ಸೆಸಿಬಿಲಿಟಿ ತಜ್ಞರದ್ದು ಬೇರೆಯೇ ಕೆಲಸ. ಸಮಾಜಶಾಸ್ತ್ರ, ಪತ್ರಿಕೋದ್ಯಮ, ಕನ್ನಡ ಎಂ.ಎ. ಓದಿದವರಿಗೂ ಇಲ್ಲಿ ಜಾಗವಿದೆ.

ಕಾಲೇಜಿನ ದಾರಿ ಬೇಕಾದವರು ಎರಡು ಪರೀಕ್ಷೆಗಳ ಹೆಸರು ನೆನಪಿಟ್ಟುಕೊಳ್ಳಲಿ. ಐಐಟಿಗಳ ಬಿ.ಡಿಸೈನ್ ಪದವಿಗೆ ಯುಸೀಡ್, ಎಂ.ಡಿಸೈನ್‌ಗೆ ಸೀಡ್. ಎರಡನ್ನೂ ನಡೆಸುವುದು ಐಐಟಿ ಬಾಂಬೆ. ಯುಸೀಡ್‌ಗೆ ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಕೂರಬಹುದು. ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ ತನ್ನದೇ ಪರೀಕ್ಷೆ ನಡೆಸುತ್ತದೆ. ಅದರ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಇಂಟರಾಕ್ಷನ್ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ.

ಕಲ್ಪನೆ 8: “ಮೂರು ತಿಂಗಳ ಕೋರ್ಸ್ ಮುಗಿಸಿದ್ರ ಲಕ್ಷ ಪಗಾರ.” ಇದರ ಬೆನ್ನಿಗೇ: “ಎಐ ಬಂದಾದ, ಇನ್ ಈ ಕೆಲಸ ಉಳಿಯಂಗಿಲ್ಲ.”

ಸತ್ಯ: ಮೊದಲನೆಯದು ಜಾಹೀರಾತು, ಎರಡನೆಯದು ಭಯ. ಕಿರು ಕೋರ್ಸುಗಳು ಫಿಗ್ಮಾದಂಥ ತಂತ್ರಾಂಶ ಹಿಡಿಯುವುದನ್ನು ಕಲಿಸುತ್ತವೆ. ಕೆಲಸ ಕೊಡುವವರು ನೋಡುವುದು ಪೋರ್ಟ್‌ಫೋಲಿಯೊವನ್ನು: ಯಾವ ತೊಡಕು ಹಿಡಿದಿರಿ, ಯಾರನ್ನು ಕಂಡಿರಿ, ಮೊದಲ ಪ್ರಯತ್ನ ಎಲ್ಲಿ ಸೋತಿತು, ಹೇಗೆ ಬದಲಿಸಿದಿರಿ. ಒಂದೇ ಕೋರ್ಸಿನಿಂದ ಹೊರಬಂದ ನೂರು ಜನರ ಪೋರ್ಟ್‌ಫೋಲಿಯೊದಲ್ಲಿ ಅದೇ ಊಟ ತರಿಸುವ ಆ್ಯಪ್ ಇದ್ದರೆ ಯಾರೂ ನೆನಪಿನಲ್ಲಿ ಉಳಿಯುವುದಿಲ್ಲ.

ಇನ್ನು ಎಐ. ಒಂದು ಸಾಲು ಬರೆದರೆ ಪರದೆಯ ಚಿತ್ರ ತಯಾರಿಸುವ ತಂತ್ರಾಂಶಗಳು ಬಂದಿವೆ. ಹೀಗಾಗಿ ಪರದೆ ಬಿಡಿಸುವುದಷ್ಟೇ ಗೊತ್ತಿರುವವರಿಗೆ ಹಾದಿ ಕಿರಿದಾಗುತ್ತಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ತೊಗರಿ ರಾಶಿ ಮಾಡುವ ಹೊತ್ತಿನಲ್ಲಿ ರೈತರು ಫೋನ್ ಎಲ್ಲಿ ಇಟ್ಟಿರುತ್ತಾರೆ, ಒಟಿಪಿಯನ್ನು ಯಾರ ಕೈಲಿ ಓದಿಸುತ್ತಾರೆ ಎಂಬುದನ್ನು ಅಲ್ಲಿಗೆ ಹೋಗಿ ಕಂಡವರೇ ಹೇಳಬೇಕು.

ಕಲ್ಪನೆ 9: “ಕೊಡ್ಲಿಯಾಗ ಕುಂತು ಕಲಿಲಾಕ ಆಗಂಗಿಲ್ಲ, ಬೆಂಗಳೂರಿಗಿ ಹೋಗಬೇಕು.”

ಸತ್ಯ: ಅರ್ಧ ನಿಜ. ನೌಕರಿಗಳು ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನಂಥ ನಗರಗಳಲ್ಲೇ ಇವೆ. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲು ಹಳಿ ಇರುವುದರಿಂದ ನಮಗೆ ಹೈದರಾಬಾದೇ ಹತ್ತಿರ. ಕಲಿಯಲು ಮಾತ್ರ ಊರು ಬಿಡಬೇಕಿಲ್ಲ. ಐಐಟಿ ಬಾಂಬೆಯ ವಿನ್ಯಾಸ ವಿಭಾಗ ‘ಡಿ’ಸೋರ್ಸ್’ ತಾಣದಲ್ಲಿ ಪಾಠಗಳನ್ನು ಪುಕ್ಕಟೆ ಇಟ್ಟಿದೆ, ಸ್ವಯಂ ಮತ್ತು ಎನ್‌ಪಿಟಿಇಎಲ್ ತಾಣಗಳ ಆನ್‌ಲೈನ್ ಕೋರ್ಸುಗಳಿವೆ. ಫಿಗ್ಮಾ, ಪೆನ್‌ಪಾಟ್ ತಂತ್ರಾಂಶಗಳನ್ನು ಕಾಸಿಲ್ಲದೆ ಬಳಸಬಹುದು. ಪಾಠ ಬಹುತೇಕ ಇಂಗ್ಲಿಷಿನಲ್ಲಿರುವುದರಿಂದ ಓದಿ ತಿಳಿಯುವಷ್ಟು ಇಂಗ್ಲಿಷ್ ಬೇಕೇ ಬೇಕು.

ಮೊದಲ ಪೋರ್ಟ್‌ಫೋಲಿಯೊಗೆ ವಸ್ತು ಊರಲ್ಲೇ ಇದೆ. ರೈತರೇ ತಮ್ಮ ಬೆಳೆ ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪನ್ನು ರಾಜ್ಯ ಸರ್ಕಾರ 2020ರ ಮುಂಗಾರಿನಲ್ಲಿ ತಂದಿತು. ಅದನ್ನು ಹಿಡಿದು ಐವರು ರೈತರ ಜೊತೆ ಹೊಲಕ್ಕೆ ಹೋಗಿ. ಬಿಸಿಲಿನಲ್ಲಿ ಅಕ್ಷರ ಕಾಣುತ್ತದೆಯೇ? ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ನೆಟ್‌ವರ್ಕ್ ಹೋದರೆ ತುಂಬಿದ್ದು ಉಳಿಯುತ್ತದೆಯೇ? ತೊಗರಿ ಸಾಲಿನ ನಡುವೆ ಹೆಸರು ಬಿತ್ತಿದವರು ಯಾವುದನ್ನು ನಮೂದಿಸುತ್ತಾರೆ? ಯಾವ ಹೆಜ್ಜೆಯಲ್ಲಿ ಫೋನ್ ಮಗನ ಕೈಗೆ ಹೋಗುತ್ತದೆ? ಕಂಡದ್ದನ್ನು ಬರೆಯಿರಿ, ಒಂದು ಹೆಜ್ಜೆಯನ್ನು ಕಾಗದದ ಮೇಲೆ ಬೇರೆ ರೀತಿ ಬಿಡಿಸಿ, ಬೇರೆ ಐವರಿಗೆ ಕೊಟ್ಟು ನೋಡಿ. ಈ ನಾಲ್ಕೈದು ಪುಟ ಕೈಯಲ್ಲಿದ್ದರೆ ಸಂದರ್ಶನದಲ್ಲಿ ಒಂದು ತಾಸು ಮಾತಾಡುವಷ್ಟು ಸರಕಿರುತ್ತದೆ. ಸರ್ಟಿಫಿಕೇಟಿನ ಪ್ರಶ್ನೆ ಆಮೇಲೆ.