ಗಿರಾಕಿಯ ತಟ್ಟೆ ನೋಡಿದೆ, ಮಗಳ ತಟ್ಟೆ ನೋಡಲಿಲ್ಲ



ನಮ್ಮ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಗ್ಯಾಸಿನ ದರ, ಲೈಸೆನ್ಸ್ ನವೀಕರಣ, ಕೆಲಸದವರ ಕೊರತೆ ಇಂಥ ವಿಷಯಗಳೇ ಬರುವುದು. ನಾನೂ ಹಿಂದೆ ಒಂದೆರಡು ಸಲ ಅದನ್ನೇ ಬರೆದವನು. ಈ ಸಲ ಬೇರೆ ವಿಷಯ. ನಾನು ಡಾಕ್ಟರನಲ್ಲ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸು ಮಾಡಿದವನು. ಸಯನ್‌ನಲ್ಲಿ ಸ್ವಂತ ಹೋಟೆಲು ಹಾಕಿ ಇಪ್ಪತ್ತೆಂಟು ವರ್ಷವಾಯಿತು. ಬರೆಯಲು ಹೊರಟಿರುವುದು ಊಟ ಮಾಡಲಾಗದ ಕಾಯಿಲೆಯ ಬಗ್ಗೆ. ಊರಿಗೆಲ್ಲ ಊಟ ಹಾಕುವವನ ಮನೆಯೊಳಗೇ ಅದು ಬಂದು ಕೂತಿತ್ತು.

ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆದದ್ದನ್ನು ಅವಳಿಗೆ ಓದಲು ಕೊಟ್ಟೆ. ಅವಳು ಒಂದೇ ಕಡೆ ಗೀಟು ಹಾಕಿದಳು. ಅವಳ ತೂಕ ಎಷ್ಟು ಕಿಲೋಗೆ ಇಳಿದಿತ್ತು ಎಂದು ನಾನು ಬರೆದಿದ್ದೆ. "ಅದು ಬೇಡ ಪಪ್ಪಾ, ಯಾರದಾದರೂ ಮನೆಯಲ್ಲಿ ಇದೇ ಕಾಯಿಲೆಯ ಹುಡುಗಿ ಓದಿದರೆ ಅದಕ್ಕಿಂತ ಒಂದು ಕಿಲೋ ಕಡಿಮೆ ಮಾಡಬೇಕು ಅಂತ ಹೊರಡುತ್ತಾಳೆ" ಎಂದಳು. ಈ ಕಾಯಿಲೆ ಎಂಥದ್ದು ಎಂದು ಆ ಮಾತಿನಲ್ಲಿ ನನಗೆ ತಿಳಿದಷ್ಟು ಬೇರೆಲ್ಲೂ ತಿಳಿದಿರಲಿಲ್ಲ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತಲ್ಲ, ಹೋಟೆಲಿಗೆ ಶಟರ್ ಎಳೆದು ಮನೆಯಲ್ಲಿ ಕೂತೆ. ಪಕ್ಕದಲ್ಲೇ ಧಾರಾವಿ, ದಿನ ಬೆಳಗಾದರೆ ಆಂಬುಲೆನ್ಸ್ ಸದ್ದು. ಮದುವೆಯಾದ ಮೇಲೆ ಮೊದಲ ಬಾರಿಗೆ ಮಧ್ಯಾಹ್ನದ ಊಟ, ರಾತ್ರಿಯ ಊಟ ಎರಡನ್ನೂ ಮನೆಯವರ ಜೊತೆ ಮಾಡಿದ್ದು ಆಗಲೇ. ನಮ್ಮಂಥವರು ಬೆಳಿಗ್ಗೆ ಐದಕ್ಕೆ ಹೊರಟರೆ ರಾತ್ರಿ ಹನ್ನೊಂದಕ್ಕೆ ಬರುವವರು. ಮಕ್ಕಳು ಏನು ಉಂಡರು ಎಂದು ನೋಡಿದವರು ಎಷ್ಟು ಮಂದಿ? ನಾಲ್ಕೈದು ದಿನ ನೋಡಿದೆ. ಮಗಳು ಒಂದು ಚಪಾತಿಯನ್ನು ಹರಿದು ಹರಿದು ಮೂವತ್ತು ಚೂರು ಮಾಡುವಳು, ಪಲ್ಯ ಆಚೆ ಈಚೆ ದೂಡುವಳು, ಆಮೇಲೆ "ಆಯಿತು" ಎಂದು ಏಳುವಳು. ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ, ಚಳಿಯಂತೆ. ಬಾಚಣಿಗೆಯ ತುಂಬ ಕೂದಲು. ಮುಟ್ಟು ನಿಂತು ಆರು ತಿಂಗಳಾಗಿದೆ ಎಂದು ಹೆಂಡತಿ ಆಗ ಹೇಳಿದಳು.

ಶುರುವಾದದ್ದು ಹೇಗೆ ಎಂದು ಈಗ ಲೆಕ್ಕ ಹಾಕಿದರೆ ಸಣ್ಣ ಸಣ್ಣ ಸಂಗತಿಗಳು. 2018ರಲ್ಲಿ ಒಂದು ಮದುವೆಯಲ್ಲಿ ಸಂಬಂಧಿಕರೊಬ್ಬರು ನಗುತ್ತಾ, "ಹೋಟೆಲಿನವರ ಮಗಳಲ್ಲವೋ, ಒಳ್ಳೆ ತಿಂದು ಬೆಳೆದಿದ್ದಾಳೆ, ಇವಳಿಗೆ ಗಂಡು ಹುಡುಕುವಾಗ ನಿಮಗೆ ಕಷ್ಟ ಉಂಟು" ಎಂದರು. ನಾನೂ ನಕ್ಕೆ. ಅವಳಿಗೆ ಆಗ ಹದಿನೇಳು. ಮೊದಲು ಸಿಹಿ ಬಿಟ್ಟಳು, ಆಮೇಲೆ ಅನ್ನ. ಬಳಿಕ ಸಂಕಷ್ಟಿ, ಸೋಮವಾರ, ಗುರುವಾರ, ಏಕಾದಶಿ ಎಂದು ಉಪವಾಸ ಹಿಡಿದಳು. ಈ ಕಾಲದ ಹುಡುಗಿಗೆ ಎಷ್ಟು ಭಕ್ತಿ ಎಂದು ನಮಗೆ ಹೆಮ್ಮೆ. ಉಪವಾಸಕ್ಕೆ ಪಾರಣೆ ಎಂಬುದೊಂದು ಇದೆ, ಇವಳದಕ್ಕೆ ಪಾರಣೆಯೇ ಇಲ್ಲ ಎಂದು ನಮಗೆ ಹೊಳೆಯಲಿಲ್ಲ. ತೆಳ್ಳಗಾದ ಮೇಲೆ ಕಂಡವರೆಲ್ಲ "ಎಷ್ಟು ಚಂದ ಆಗಿದ್ದಾಳೆ!" ಎಂದರು. ಕಾಯಿಲೆ ಬಿದ್ದವರನ್ನು ಹೊಗಳುವ ಕಾಯಿಲೆ ಬಹುಶಃ ಇದೊಂದೇ ಇರಬೇಕು.

ಹತ್ತಿರದ ಡಾಕ್ಟರರು ಅಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಅವರನ್ನು ದೂರುವುದಿಲ್ಲ, ಅವಳು ಅವರಿಗೆ ಹೇಳಿದ್ದು ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದು ಮಾತ್ರ. ನಮ್ಮ ದೇಶದಲ್ಲಿ ಇದು ಹೀಗೇ ಬರುತ್ತದಂತೆ. ದೆಹಲಿಯ ಮನೋವೈದ್ಯರು 1995ರಲ್ಲೇ ಬರೆದಿದ್ದಾರೆ: ಅಲ್ಲಿಗೆ ಬಂದ ಯುವತಿಯರು "ದಪ್ಪ ಆಗುವ ಭಯ" ಎಂದು ಹೇಳುತ್ತಿರಲಿಲ್ಲ, ಊಟ ಸೇರುವುದಿಲ್ಲ, ವಾಂತಿ ಬರುತ್ತದೆ ಎನ್ನುತ್ತಿದ್ದರು. ಹಾಗಾಗಿ ಗ್ಯಾಸಿನ ಮಾತ್ರೆಯಲ್ಲೇ ವರ್ಷ ಕಳೆದುಹೋಗುತ್ತದೆ.

ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ. ಹೊಸತೇನಲ್ಲ, ಲಂಡನ್ನಿನ ಡಾಕ್ಟರ್ ವಿಲಿಯಂ ಗಲ್ 1873ರಲ್ಲೇ ಈ ಹೆಸರು ಕೊಟ್ಟಿದ್ದರು. ಇದಕ್ಕೆ ಒಬ್ಬ ತಮ್ಮ ಇದ್ದಾನೆ, ಬುಲಿಮಿಯಾ. ಗಬಗಬನೆ ತಿನ್ನುವುದು, ಕೂಡಲೇ ಹೋಗಿ ವಾಂತಿ ಮಾಡುವುದು. 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಎಂಬ ಡಾಕ್ಟರರು ಅದನ್ನು ಬೇರೆಯಾಗಿ ಗುರುತಿಸಿದರು. ಇವರು ತೆಳ್ಳಗೆ ಇರಬೇಕೆಂದಿಲ್ಲ, ನೋಡಲು ನಮ್ಮ ನಿಮ್ಮ ಹಾಗೇ ಇರುತ್ತಾರೆ. ಆದರೆ ಹೊಟ್ಟೆಯ ಆಮ್ಲದಿಂದ ಹಲ್ಲು ಸವೆಯುತ್ತದೆ, ಕೆನ್ನೆ ಊದುತ್ತದೆ, ಬೆರಳು ಗಂಟಲಿಗೆ ಹಾಕಿ ಹಾಕಿ ಗೆಣ್ಣಿನ ಮೇಲೆ ಗಾಯದ ಕಲೆ ಬೀಳುತ್ತದೆ. ವಾಂತಿಯಿಂದ ರಕ್ತದ ಪೊಟ್ಯಾಷಿಯಂ ಇಳಿದರೆ ಹೃದಯದ ಬಡಿತ ತಪ್ಪಿ ಜೀವವೇ ಹೋಗಬಹುದು. ಮೂರನೆಯದು, ವಾಂತಿ ಮಾಡದೆ ಬರೀ ತಿನ್ನುತ್ತ ಹೋಗುವುದು. ಯಾರೂ ಇಲ್ಲದಾಗ, ಹೊಟ್ಟೆ ಬಿರಿಯುವ ತನಕ, ಆಮೇಲೆ ನಾಚಿಕೆಯಿಂದ ಅಳುವುದು. ಇದನ್ನು ಪ್ರತ್ಯೇಕ ಕಾಯಿಲೆ ಎಂದು ಅಮೇರಿಕದ ಮನೋವೈದ್ಯರ ಪುಸ್ತಕ ಒಪ್ಪಿದ್ದು 2013ರಲ್ಲಿ.

ಇನ್ನೊಂದು ಸಂಗತಿ ಹೋಟೆಲಿನವರಾದ ನಮಗೆ ಬಹಳ ಸಂಬಂಧಪಟ್ಟದ್ದು. ಮಗಳು ತಾನು ತಿನ್ನದಿದ್ದರೂ ಇಡೀ ದಿನ ಅಡುಗೆಯ ವೀಡಿಯೋ ನೋಡುತ್ತಿದ್ದಳು. ಕೇಕ್ ಮಾಡಿ, ಪತ್ರೊಡೆ ಮಾಡಿ ನಮಗೆ ಬಡಿಸಿ, ನಾವು ತಿನ್ನುವುದನ್ನು ಎದುರು ಕೂತು ನೋಡುತ್ತಿದ್ದಳು. ರಕ್ತದಲ್ಲೇ ಬಂದ ಕಸುಬು ಎಂದು ನಾನು ಸ್ನೇಹಿತರಲ್ಲಿ ಹೇಳಿಕೊಂಡು ತಿರುಗಿದ್ದೆ. ಆಮೇಲೆ ಡಾಕ್ಟರರೊಬ್ಬರು ಒಂದು ಹಳೆಯ ಪ್ರಯೋಗದ ಕತೆ ಹೇಳಿದರು. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೇರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಹಸಿದವರಿಗೆ ಹೇಗೆ ಊಟ ಹಾಕಿ ಸುಧಾರಿಸಬೇಕು ಎಂದು ಕಲಿಯುವುದು ಉದ್ದೇಶ. ಆ ಯುವಕರಿಗೆ ಆದದ್ದೇನು? ಮಂಕು, ಸಿಡಿಮಿಡಿ, ಚಳಿ. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಕಲಸುತ್ತ ಕೂರುವುದು. ಅಡುಗೆ ಪುಸ್ತಕಗಳನ್ನು ಕಾದಂಬರಿಯ ಹಾಗೆ ಓದುವುದು. ಊಟದ್ದು ಬಿಟ್ಟು ಬೇರೆ ಯೋಚನೆಯೇ ಇಲ್ಲ. ಅವರೇನೂ ತೆಳ್ಳಗಾಗಬೇಕೆಂದು ಬಂದವರಲ್ಲ, ಮನಸ್ಸಿನ ತೊಂದರೆಯವರೂ ಅಲ್ಲ. ಹಸಿವೇ ಅವರನ್ನು ಹಾಗೆ ಮಾಡಿತು. ಊಟ ಬಿಡುವುದಕ್ಕೆ ಕಾರಣ ಏನೇ ಇರಲಿ, ಒಂದು ಹಂತ ದಾಟಿದ ಮೇಲೆ ಹಸಿದ ಮಿದುಳು ಮನುಷ್ಯನನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. "ಹಟ ಬಿಡು, ಉಣ್ಣು" ಎಂದು ನಾನು ಬೈದದ್ದೆಲ್ಲ ವ್ಯರ್ಥವಾದದ್ದು ಅದಕ್ಕೇ.

ಡಾಕ್ಟರರು ಇನ್ನೊಂದು ಎಚ್ಚರಿಕೆ ಕೊಟ್ಟರು. ತಿಂಗಳುಗಟ್ಟಲೆ ಬರಿಹೊಟ್ಟೆಯಲ್ಲಿ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ರಕ್ತದ ಫಾಸ್ಫೇಟ್ ಥಟ್ಟನೆ ಇಳಿದು ಪ್ರಾಣಾಪಾಯ. ಯುದ್ಧಕೈದಿಗಳು ಬಿಡುಗಡೆಯಾಗಿ ಊಟ ಸಿಕ್ಕಿದ ಮೇಲೆ ಸತ್ತದ್ದು ಉಂಟಂತೆ. ನಾನಾದರೋ ತುಪ್ಪದ ದೋಸೆ, ಬಾಸುಂದಿ ಎಲ್ಲ ಯೋಜನೆ ಹಾಕಿಟ್ಟಿದ್ದೆ. ರಕ್ತಪರೀಕ್ಷೆ, ಇಸಿಜಿ ಮಾಡಿಸಿ, ಆಹಾರತಜ್ಞೆ ಬರೆದುಕೊಟ್ಟ ಹಾಗೆ, ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪವೇ ಏರಿಸಿದೆವು. ಪ್ರತಿ ಊಟಕ್ಕೂ ತಾಯಿ ಜೊತೆಗೆ ಕೂರಬೇಕು, ಬೇರೆ ಏನಾದರೂ ಮಾತಾಡಬೇಕು, ತಟ್ಟೆಯ ಮಾತು ಎತ್ತಬಾರದು. ಇದರ ಜೊತೆಗೆ ವಾರಕ್ಕೊಮ್ಮೆ ಮನೋವೈದ್ಯರ ಬಳಿ ಮಾತುಕತೆ. ಎರಡೂವರೆ ವರ್ಷ ಹಿಡಿಯಿತು. ಮಧ್ಯದಲ್ಲಿ ಎರಡು ಸಲ ಹಿಂದಕ್ಕೆ ಜಾರಿದಳು.

ಈ ತೆಳ್ಳಗಿನ ಹುಚ್ಚು ನಮ್ಮಲ್ಲಿ ಹಿಂದೆ ಇರಲಿಲ್ಲ. ನಿಮ್ಮ ಗಲ್ಲಾದ ಮೇಲಿರುವ ಲಕ್ಷ್ಮಿಯ ಪಟ ಒಮ್ಮೆ ನೋಡಿ, ಮೈ ಕೈ ತುಂಬಿಕೊಂಡ ತಾಯಿ ಅವಳು. ಊರಲ್ಲಿ ಮಗು ತುಂಬಿಕೊಂಡಿದ್ದರೆ ಅಜ್ಜಿಯಂದಿರು ದೃಷ್ಟಿ ತೆಗೆಯುತ್ತಿದ್ದರು. ಪೆಸಿಫಿಕ್ ಸಮುದ್ರದ ಫಿಜಿ ದ್ವೀಪದ ಮೂಲ ಜನರೂ ಹೀಗೆಯೇ, ತುಂಬಿದ ಮೈಯನ್ನೇ ಮೆಚ್ಚುವವರು. 1995ರಲ್ಲಿ ಅಲ್ಲಿನ ನಾಡ್ರೋಗಾ ಎಂಬ ಪ್ರದೇಶಕ್ಕೆ ಟಿವಿ ಬಂತು. ಆಗ ವಾಂತಿ ಮಾಡಿ ತೂಕ ಇಳಿಸುವ ಶಾಲಾ ಹುಡುಗಿ ಒಬ್ಬಳೂ ಅಲ್ಲಿ ಸಿಕ್ಕಿರಲಿಲ್ಲ. ಮೂರೇ ವರ್ಷದಲ್ಲಿ, 1998ರಲ್ಲಿ, ಹಾರ್ವರ್ಡ್‌ನ ಆನ್ ಬೆಕರ್ ಮತ್ತೆ ವಿಚಾರಿಸಿದಾಗ ನೂರಕ್ಕೆ ಹನ್ನೊಂದು ಮಂದಿ ಹಾಗೆ ಮಾಡುತ್ತಿದ್ದರು. ಅದು ಬರೀ ಟಿವಿ. ಈಗ ಕೈಯಲ್ಲಿ ಮೊಬೈಲ್ ಇದೆ.

ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದಾಗ ನಮ್ಮಲ್ಲಿ ಎಷ್ಟು ಸಂಭ್ರಮ! ಅದೇ ಹೆಣ್ಣು ಮಗು ಹೆತ್ತ ಮೇಲೆ 2012ರಲ್ಲಿ ಸ್ವಲ್ಪ ದಪ್ಪ ಕಂಡದ್ದಕ್ಕೆ ಇಡೀ ದೇಶ ಗೇಲಿ ಮಾಡಿತು. ಬಾಣಂತಿಯನ್ನು ಗೇಲಿ ಮಾಡುವುದು ಯಾವ ಸಂಸ್ಕೃತಿ ಸ್ವಾಮಿ? ಕನ್ನಡ ಧಾರಾವಾಹಿಗಳ ನಟಿ ಚೇತನಾ ರಾಜ್, ಬರೀ 21 ವರ್ಷ, 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಅವರಿಗೆ ನಾನು ಹೇಳುವ ಕಾಯಿಲೆ ಇತ್ತು ಎಂದಲ್ಲ. ಆದರೆ ಆ ಮಗುವನ್ನು ಆ ಟೇಬಲ್ಲಿನ ಮೇಲೆ ಮಲಗಿಸಿದ ಒತ್ತಡ ಇದೇ. 2025ರ ಮಾರ್ಚ್‌ನಲ್ಲಿ ಉತ್ತರ ಕೇರಳದ 18 ವರ್ಷದ ಹುಡುಗಿಯೊಬ್ಬಳು ದಪ್ಪ ಆಗುತ್ತೇನೆಂಬ ಭಯದಿಂದ ಊಟ ಬಿಟ್ಟು ತೀರಿಕೊಂಡ ಸುದ್ದಿ ಓದಿದ ದಿನ ನನ್ನ ಹೆಂಡತಿ ಒಲೆ ಹಚ್ಚಲಿಲ್ಲ.

ಈಗ ನಮ್ಮ ಕಸುಬಿನ ಮಾತು. ತಪ್ಪಿನಲ್ಲಿ ನನ್ನದೂ ಪಾಲಿದೆ. 2016ರಲ್ಲಿ ನಾನೇ ಹೊರಗೆ "ಸ್ಲಿಮ್ ಥಾಲಿ" ಎಂದು ಬೋರ್ಡು ಹಾಕಿಸಿದ್ದೆ. ಎರಡು ಫುಲ್ಕಾ, ಮೊಳಕೆ ಹೆಸರು, ಸಲಾಡ್, ಮಜ್ಜಿಗೆ. ಪಕ್ಕದಲ್ಲಿ ಕ್ಯಾಲೊರಿಯ ಒಂದು ಅಂಕೆ. ಆ ಅಂಕೆ ಎಲ್ಲಿಂದ ಬಂತು? ಬೋರ್ಡ್ ಬರೆಯುವವನು ಕೇಳಿದ, ನಾನು ಬಾಯಿಗೆ ಬಂದದ್ದು ಹೇಳಿದೆ. ಕಾಲೇಜಿನ ಒಬ್ಬ ಹುಡುಗಿ ದಿನಾ ಬಂದು ಆ ಥಾಲಿಯ ಸಲಾಡ್ ಮಾತ್ರ ತಿಂದು ಹೋಗುತ್ತಿದ್ದಳು. ಪೂರ್ತಿ ಹಣ ಕೊಡುತ್ತಿದ್ದಳು, ನನಗೇನು ನಷ್ಟ? ಆ ಹುಡುಗಿಯ ನೆನಪು ಈಗ ಕಾಡುತ್ತದೆ.

ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ 2022ರಿಂದ ಸೆಂಟ್ರಲ್ ಲೈಸೆನ್ಸ್ ಇರುವವರು, ಹತ್ತು ಅಥವಾ ಹೆಚ್ಚು ಶಾಖೆ ಇರುವವರು ಮೆನುವಿನಲ್ಲಿ ಕ್ಯಾಲೊರಿ ಹಾಕಬೇಕು. ಒಂದೇ ಹೋಟೆಲಿರುವ ನಮಗೆ ಅದು ಅನ್ವಯಿಸುವುದಿಲ್ಲ. ಅನ್ವಯಿಸುವವರು ಅಳೆದು ತೂಗಿ ಹಾಕಲಿ, ಸಕ್ಕರೆ ಕಾಯಿಲೆಯವರಿಗೆ ಪ್ರಯೋಜನವೂ ಇದೆ. ಆದರೆ ಇಂಗ್ಲೆಂಡಿನಲ್ಲಿ ಅದೇ 2022ರ ಏಪ್ರಿಲ್‌ನಲ್ಲಿ ದೊಡ್ಡ ಹೋಟೆಲುಗಳಿಗೆ ಈ ನಿಯಮ ಬಂದಾಗ, ಈ ಕಾಯಿಲೆಯವರ ಪರ ಕೆಲಸ ಮಾಡುವ 'ಬೀಟ್' ಎಂಬ ಸಂಸ್ಥೆ ವಿರೋಧಿಸಿತು. ಗಿರಾಕಿ ಕೇಳಿದರೆ ಕ್ಯಾಲೊರಿ ಇಲ್ಲದ ಮೆನು ಕೊಡಲು ಅಲ್ಲಿ ಅವಕಾಶ ಇಟ್ಟಿದ್ದಾರೆ. ನಮ್ಮ ದೊಡ್ಡ ಹೋಟೆಲಿನ ಮಿತ್ರರು ಇದನ್ನು ಯೋಚಿಸಬಹುದು. ನಾನಂತೂ ಬೋರ್ಡು ತೆಗೆಸಿ ಅದೇ ಥಾಲಿಗೆ "ಸಾದಾ ಥಾಲಿ" ಎಂದು ಹೆಸರಿಟ್ಟೆ. ವ್ಯಾಪಾರ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಅರ್ಧ ಪ್ಲೇಟ್ ಕೇಳಿದವರಿಗೆ ಯಾಕೆ ಎಂದು ಕೇಳದೆ ಕೊಡುತ್ತೇವೆ.

ಗಲ್ಲಾದಲ್ಲಿ ಕೂತ ನಮಗೆ ಇನ್ನೊಂದು ಚಾಳಿ. ಖಾಯಂ ಗಿರಾಕಿ ಬಂದ ಕೂಡಲೇ "ಏನು ಮೇಡಂ, ದಪ್ಪ ಆದಿರಿ", "ಏನು ಸಾರ್, ಸೊರಗಿದಿರಿ". ಆತ್ಮೀಯತೆಗೆ ಹೇಳುವುದು, ನಿಜ. ನಮ್ಮಲ್ಲಿ ಈಗ ಅದು ಬಂದ್. ಮಳೆ, ಟ್ರಾಫಿಕ್, ಸಯನ್ ಬ್ರಿಜ್ ಮಾತಾಡಲು ಬೇಕಷ್ಟು ಇದೆಯಲ್ಲ. ಊಟ ಮುಗಿದ ಕೂಡಲೇ ದಿನಾ ಬಾತ್‌ರೂಮಿಗೆ ಹೋಗಿ ಹೊತ್ತು ಕಳೆಯುವವರನ್ನು ಕಂಡರೆ ವೇಟರುಗಳು ನಗಬಾರದು ಎಂದೂ ಹೇಳಿದ್ದೇನೆ.

ಹುಡುಗಿಯರಿಗೆ ಮಾತ್ರ ಇದು ಎಂದುಕೊಳ್ಳಬೇಡಿ. ನಮ್ಮ ಒಬ್ಬ ಮಾಣಿ, ಕುಂದಾಪುರ ಕಡೆಯವನು, ಸಂಬಳದ ಅರ್ಧ ಪ್ರೋಟೀನ್ ಪುಡಿಗೆ ಹಾಕಿ, ಅನ್ನ ಮುಟ್ಟದೆ ಎರಡು ಹೊತ್ತು ಜಿಮ್ಮಿಗೆ ಹೋಗುತ್ತಿದ್ದ. ಎಷ್ಟು ದಂಡ ಬಂದರೂ ಅವನ ಕಣ್ಣಿಗೆ ಅವನು ಸೊಣಕಲನೇ. ಕೆಲಸದ ನಡುವೆ ತಲೆ ತಿರುಗಿ ಬಿದ್ದ ಮೇಲೆ ಗೊತ್ತಾಯಿತು.

ಯಾರ ಮನೆಯಲ್ಲಾದರೂ, ಸ್ಟಾಫಿನಲ್ಲಾದರೂ ಸಂಶಯ ಬಂದರೆ ಸಯನ್ ಆಸ್ಪತ್ರೆ, ಕೆಇಎಂ ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಮನೋವೈದ್ಯರ ಹತ್ತಿರ ಹೋದರೆ ಸಂಬಂಧ ಕೂಡುವುದಿಲ್ಲ ಎಂದು ನಾನೂ ನಾಲ್ಕು ತಿಂಗಳು ಹಾಳು ಮಾಡಿದವನು. ಮನಸ್ಸಿನ ಕಾಯಿಲೆಗಳಲ್ಲಿ ಜೀವ ಹೆಚ್ಚು ತೆಗೆಯುವವುಗಳಲ್ಲಿ ಇದೂ ಒಂದು ಎಂದು ತಿಳಿದ ಮೇಲೆ ಆ ಯೋಚನೆ ಬಿಟ್ಟೆ.

ಮಗಳು ಈಗ ಕೆಲಸಕ್ಕೆ ಹೋಗುತ್ತಾಳೆ. ಆದಿತ್ಯವಾರ ಬೆಳಿಗ್ಗೆ ಹೋಟೆಲಿಗೆ ಬಂದು ಒಳಗಿನ ಮೂಲೆಯ ಟೇಬಲ್ಲಿನಲ್ಲಿ ಕೂರುತ್ತಾಳೆ. ಒಮ್ಮೆ ಎರಡು ಇಡ್ಲಿ, ಒಮ್ಮೆ ಮಸಾಲೆ ದೋಸೆ, ಒಮ್ಮೊಮ್ಮೆ ಬರೀ ಕಾಫಿ. ಪ್ಲೇಟು ವಾಪಸ್ಸು ಬಂದಾಗ ಅದರಲ್ಲಿ ಏನು ಉಳಿದಿದೆ ಎಂದು ಭಟ್ಟರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ನಾನು ಸ್ವಲ್ಪ ನೋಡುತ್ತೇನೆ.