ಕಣ್ಣಿಗೆ ಒಂದೇ, ಗಣಕಕ್ಕೆ ಬೇರೆ: ಕೀಲಿಮಣೆಯ ಉತ್ತರ ‘ಸಮ’ವಾಗದಿರಲು ಕಾರಣವೇನು?

ಕಪ್ಪು ಪರದೆಯ ಮೇಲೆ ಪ್ರಶ್ನೆಯೊಂದು ಮೂಡುತ್ತದೆ: ‘ಕರ್ನಾಟಕದ ರಾಜಧಾನಿ ಯಾವುದು?’ ವಿದ್ಯಾರ್ಥಿ ‘ಬೆಂಗಳೂರು’ ಎಂದು ಟೈಪಿಸಿ ಎಂಟರ್ ಒತ್ತುತ್ತಾನೆ. ‘ತಪ್ಪು ಉತ್ತರ’ ಎನ್ನುತ್ತದೆ ಗಣಕಯಂತ್ರ. ಮತ್ತೊಮ್ಮೆ ಟೈಪಿಸಿದರೂ ಅದೇ ಮಾತು. ಪ್ರೋಗ್ರಾಂ ಬರೆದವನೂ ಅವನೇ, ಸರಿಯುತ್ತರ ತುಂಬಿದವನೂ ಅವನೇ. ಎರಡೂ ಪದಗಳು ಪರದೆಯ ಮೇಲೆ ಒಂದರ ಕೆಳಗೊಂದು ಕಾಣುತ್ತಿವೆ, ಅಕ್ಷರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೂ ‘ಸಮವಲ್ಲ’ ಎಂಬುದು ಯಂತ್ರದ ತೀರ್ಪು.

ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಈ ತೊಡಕನ್ನು ಎದುರಿಸದವರು ವಿರಳ. ಮೌಸ್, ಚಿತ್ರ, ಗುಂಡಿಗಳ ಗೊಡವೆಯಿಲ್ಲದೆ ಬರೀ ಅಕ್ಷರಗಳಲ್ಲಿ ಪ್ರಶ್ನೋತ್ತರ ನಡೆಸುವ ಇಂಥ ಪ್ರೋಗ್ರಾಂಗಳಿಗೆ ಕನ್ಸೋಲ್ ಪ್ರೋಗ್ರಾಂ ಎಂದು ಹೆಸರು. ತರಗತಿಯ ಮೊದಲ ಪಾಠವೇ ಇದಾದ್ದರಿಂದ ಇಲ್ಲಿನ ತೊಡಕನ್ನು ಮಕ್ಕಳಾಟವೆಂದು ತಳ್ಳಿಹಾಕುವವರುಂಟು. ಆದರೆ ದಾಖಲೆಗಳ ನಡುವೆ ಹೆಸರು ಹುಡುಕುವ, ಗುಪ್ತಪದ ಪರೀಕ್ಷಿಸುವ ದೊಡ್ಡ ತಂತ್ರಾಂಶಗಳ ಒಳಗೂ ನಡೆಯುವುದು ಇದೇ ಹೋಲಿಕೆ. ಅಲ್ಲಿ ಅದು ತಪ್ಪಿದರೆ, ಇರುವ ವ್ಯಕ್ತಿಯೂ ‘ದಾಖಲೆಯಲ್ಲಿ ಇಲ್ಲ’ ಎಂದಾಗುತ್ತಾನೆ.

ಮೊದಲು ತಿಳಿಯಬೇಕಾದ ಸಂಗತಿ: ಕೀಲಿಮಣೆಯಿಂದ ಪ್ರೋಗ್ರಾಂಗೆ ತಲುಪುವುದು ಅರ್ಥವಲ್ಲ, ಅಕ್ಷರಗಳ ಸಂಕೇತ ಸಂಖ್ಯೆಗಳು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತ ಪದ್ಧತಿಯಲ್ಲಿ ‘5’ ಎಂಬ ಅಂಕಿಯ ಸಂಕೇತ 53. ಬಳಕೆದಾರ 5 ಒತ್ತಿದಾಗ ಪ್ರೋಗ್ರಾಂ ಕೈಗೆ ಬರುವುದು 53ನೇ ಚಿಹ್ನೆ, ಐದು ಎಂಬ ಮೊತ್ತವಲ್ಲ. ‘ಸಿ’ ಭಾಷೆಯಲ್ಲಿ ಈ ಚಿಹ್ನೆಯನ್ನು 5 ಎಂಬ ಸಂಖ್ಯೆಯೊಂದಿಗೆ ಹೋಲಿಸಿದರೆ ಯಂತ್ರ ಗೊಣಗದೆ 53 ಮತ್ತು 5 ಸಮವಲ್ಲ ಎನ್ನುತ್ತದೆ. ಅದು ಹೇಳಿದ್ದರಲ್ಲಿ ಸುಳ್ಳೇನಿದೆ?

ಈ ವಿಷಯದಲ್ಲಿ ಭಾಷೆಗಳ ಸ್ವಭಾವ ಬೇರೆ ಬೇರೆ. ಪೈಥಾನ್‌ನ ಎರಡನೇ ಆವೃತ್ತಿಯಲ್ಲಿ ‘ಇನ್‌ಪುಟ್’ ಎಂಬ ಫಂಕ್ಷನ್, ಟೈಪಿಸಿದ್ದನ್ನು ತಾನೇ ಲೆಕ್ಕ ಹಾಕಿ ಸಂಖ್ಯೆಯಾಗಿ ಕೊಡುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ ಮೂರನೇ ಆವೃತ್ತಿಯಿಂದ ಅದೇ ಫಂಕ್ಷನ್ ಕೊಡುವುದು ಅಕ್ಷರಗಳ ಸಾಲನ್ನು ಮಾತ್ರ. ಹಳೆಯ ಪುಸ್ತಕ ಹಿಡಿದು ಹೊಸ ಪೈಥಾನ್ ಕಲಿಯುವವರ ಪ್ರೋಗ್ರಾಂನಲ್ಲಿ ಸಂಖ್ಯೆಯ ಹೋಲಿಕೆ ಎಂದೂ ನಿಜವಾಗುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ಜಾವಾ ಇಂಥ ಹೋಲಿಕೆಯನ್ನು ಮೊದಲೇ ತಿರಸ್ಕರಿಸುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಉದಾರಿ. ಅಕ್ಷರದ ‘5’, ಸಂಖ್ಯೆಯ 5 ಎರಡೂ ಒಂದೇ ಎಂದುಬಿಡುತ್ತದೆ. ಈ ಔದಾರ್ಯ ಬೇಡವೆನ್ನುವವರು ಎರಡರ ಬದಲು ಮೂರು ಸಮಚಿಹ್ನೆಗಳನ್ನು ಹಾಕಬೇಕು.

ಎಂಟರ್ ಕೀಲಿಯ ಬಾಲ

ಎರಡನೇ ತೊಡಕು ಎಂಟರ್ ಕೀಲಿಯದು. ಉತ್ತರ ಮುಗಿಯಿತು ಎಂದು ತಿಳಿಸಲು ನಾವು ಒತ್ತುವ ಎಂಟರ್ ಕೂಡ ಒಂದು ಅಕ್ಷರವೇ. ‘ಸಿ’ಯ ‘ಎಫ್‌ಗೆಟ್ಸ್’ ಫಂಕ್ಷನ್ ಸಾಲನ್ನು ಓದುವಾಗ ಕೊನೆಯ ಈ ಅಕ್ಷರವನ್ನೂ ಸೇರಿಸಿಕೊಂಡೇ ಕೊಡುತ್ತದೆ. ಸರಿಯುತ್ತರಕ್ಕೆ ಆ ಬಾಲವಿಲ್ಲ, ಟೈಪಿಸಿದ ಉತ್ತರಕ್ಕೆ ಇದೆ. ಪರದೆಯ ಮೇಲೆ ಬಾಲ ಕಾಣುವುದಿಲ್ಲ, ಹೋಲಿಕೆ ಮುರಿದುಬೀಳುತ್ತದೆ.

‘ಸ್ಕ್ಯಾನ್‌ಎಫ್’ ಬಳಸಿದರೆ ತೊಂದರೆ ಇನ್ನೊಂದು ಬಗೆಯದು. ಸಂಖ್ಯೆ ಓದಿದ ಬಳಿಕ ಅದು ಎಂಟರ್ ಅನ್ನು ಹಾಗೆಯೇ ಸಾಲಿನಲ್ಲಿ ಬಿಟ್ಟುಹೋಗುತ್ತದೆ. ಮುಂದೆ ‘ಮುಂದುವರಿಯಬೇಕೇ? ವೈ ಅಥವಾ ಎನ್’ ಎಂದು ಒಂದಕ್ಷರದ ಉತ್ತರ ಕೇಳಿದಾಗ, ಬಳಕೆದಾರ ಬೆರಳೆತ್ತುವ ಮೊದಲೇ ಉಳಿದಿದ್ದ ಎಂಟರ್ ಉತ್ತರವಾಗಿ ನುಗ್ಗುತ್ತದೆ. ಅದು ವೈ ಅಲ್ಲವಾದ್ದರಿಂದ ಪ್ರೋಗ್ರಾಂ ಮುಗಿದೇಹೋಗುತ್ತದೆ. ಜಾವಾದ ಸ್ಕ್ಯಾನರ್‌ನಲ್ಲಿಯೂ ಸಂಖ್ಯೆ ಓದಿದ ಬೆನ್ನಿಗೆ ಸಾಲು ಓದಿದರೆ ಖಾಲಿ ಉತ್ತರ ಸಿಗುವುದು ಇದೇ ಕಾರಣಕ್ಕೆ. ಪದ ಓದಲು ‘ಸ್ಕ್ಯಾನ್‌ಎಫ್’ ಬಳಸಿದವರಿಗೆ ಮತ್ತೊಂದು ಅಚ್ಚರಿ ಕಾದಿರುತ್ತದೆ: ‘ಜೋಗ ಜಲಪಾತ’ ಎಂದು ಟೈಪಿಸಿದರೆ ಖಾಲಿ ಜಾಗ ಬಂದೊಡನೆ ಅದು ನಿಂತು ‘ಜೋಗ’ವನ್ನಷ್ಟೇ ಒಪ್ಪಿಸುತ್ತದೆ.

ಈ ಬಾಲಕ್ಕೊಂದು ಇತಿಹಾಸವಿದೆ. ಗಣಕಗಳಿಗೆ ಪರದೆ ಬರುವ ಮೊದಲು ಇದ್ದದ್ದು ಟೆಲಿಟೈಪ್ ಎಂಬ ಟೈಪುಯಂತ್ರ. ಸಾಲು ಮುಗಿದಾಗ ಅಚ್ಚಿನ ತಲೆಯನ್ನು ಎಡಬದಿಗೆ ತರಲು ಒಂದು ಆಜ್ಞೆ (ಸಂಕೇತ 13), ಕಾಗದವನ್ನು ಮೇಲೆ ಸರಿಸಲು ಇನ್ನೊಂದು (ಸಂಕೇತ 10). ಯುನಿಕ್ಸ್ ಮತ್ತು ಲಿನಕ್ಸ್ 10ನ್ನು ಮಾತ್ರ ಉಳಿಸಿಕೊಂಡವು. ಡಾಸ್ ಮತ್ತು ವಿಂಡೋಸ್ ಎರಡನ್ನೂ ಇಟ್ಟುಕೊಂಡವು. ವಿಂಡೋಸ್‌ನಲ್ಲಿ ಸಿದ್ಧಪಡಿಸಿದ ಉತ್ತರಗಳ ಕಡತವನ್ನು ಲಿನಕ್ಸ್‌ನಲ್ಲಿ ಓದಿಸಿದರೆ 13 ಎಂಬ ಅದೃಶ್ಯ ಅಕ್ಷರ ಪ್ರತಿ ಉತ್ತರದ ಕೊನೆಯಲ್ಲಿ ಅಂಟಿಕೊಂಡಿರುತ್ತದೆ. ನಮ್ಮ ಕಾಲೇಜುಗಳಲ್ಲಿ ಬಹುಕಾಲ ಮೆರೆದ ನೀಲಿ ಪರದೆಯ ಟರ್ಬೊ ಸಿ ನೆನಪಿರುವವರಿಗೆ ‘ಗೆಟ್‌ಸಿಎಚ್’ ಕೂಡ ನೆನಪಿರಬಹುದು. ಅದು ಎಂಟರ್‌ಗೆ ಕಾಯದೆ ಕೀಲಿಯನ್ನು ನೇರವಾಗಿ ಓದುತ್ತದೆ. ಎಂಟರ್ ಒತ್ತಿದರೆ ಕೊಡುವುದು 10 ಅಲ್ಲ, 13. ಟೆಲಿಟೈಪುಗಳು ಗುಜರಿ ಸೇರಿದರೂ ಅವುಗಳ ಎರಡು ಆಜ್ಞೆಗಳು ಮಾತ್ರ ಇನ್ನೂ ವಿದ್ಯಾರ್ಥಿಗಳ ಅಂಕ ಕಳೆಯುತ್ತಿವೆ.

ಪುಸ್ತಕವೋ, ಕಪಾಟಿನ ಸಂಖ್ಯೆಯೋ?

ಬಾಲವನ್ನು ಕತ್ತರಿಸಿದ ಮೇಲೂ ‘ಸಿ’ಯಲ್ಲಿ ಎರಡು ಸಮಚಿಹ್ನೆಗಳಿಂದ ಪದಗಳನ್ನು ಹೋಲಿಸಲಾಗದು. (ಒಂದೇ ಸಮಚಿಹ್ನೆ ಹಾಕಿದರೆ ಅದು ಹೋಲಿಕೆಯೇ ಅಲ್ಲ, ಬೆಲೆಯನ್ನು ತುಂಬಿಸುವ ಆಜ್ಞೆ.) ಎರಡು ಸಮಚಿಹ್ನೆಗಳು ಇಲ್ಲಿ ಹೋಲಿಸುವುದು ಪದಗಳನ್ನಲ್ಲ, ಮೆಮೊರಿಯಲ್ಲಿ ಅವು ಇರುವ ವಿಳಾಸಗಳನ್ನು. ಒಂದೇ ಕಾದಂಬರಿಯ ಎರಡು ಪ್ರತಿಗಳು ಗ್ರಂಥಾಲಯದ ಎರಡು ಕಪಾಟುಗಳಲ್ಲಿವೆ ಎನ್ನೋಣ. ಪುಟ ತೆರೆದು ನೋಡಿದರೆ ಎರಡೂ ಒಂದೇ, ಕಪಾಟಿನ ಸಂಖ್ಯೆ ನೋಡಿದರೆ ಬೇರೆ. ‘ಸಿ’ ನೋಡುವುದು ಕಪಾಟಿನ ಸಂಖ್ಯೆಯನ್ನು. ಪುಟ ತೆರೆಸಲು ‘ಸ್ಟ್ರಿಂಗ್ ಕಂಪೇರ್’ ಎಂದು ವಿದ್ಯಾರ್ಥಿಗಳು ಕರೆಯುವ ಫಂಕ್ಷನ್ ಬೇಕು. ಅದರದ್ದೂ ಒಂದು ತಿರುವು: ಎರಡೂ ಸಮವಾಗಿದ್ದರೆ ಅದು ಕೊಡುವ ಉತ್ತರ ಸೊನ್ನೆ. ‘ಸಿ’ಯಲ್ಲಿ ಸೊನ್ನೆಯೆಂದರೆ ಸುಳ್ಳು ಎಂದರ್ಥ! ಅದು ಹೇಳುತ್ತಿರುವುದು ‘ವ್ಯತ್ಯಾಸ ಸೊನ್ನೆ’ ಎಂದು. ಆತುರದಲ್ಲಿ ಓದುವವನು ‘ಸಮವಲ್ಲ’ ಎಂದುಕೊಳ್ಳುತ್ತಾನೆ.

1995ರಲ್ಲಿ ಬಂದ ಜಾವಾ ಈ ಗುಣವನ್ನು ಬಿಡಲಿಲ್ಲ, ಇನ್ನಷ್ಟು ಮರೆಮಾಚಿತು. ಪ್ರೋಗ್ರಾಂನೊಳಗೇ ಎರಡು ಕಡೆ ಬರೆದಿಟ್ಟ ಒಂದೇ ಪದಕ್ಕೆ ಜಾವಾ ಒಂದೇ ಪ್ರತಿಯನ್ನು ಇಟ್ಟುಕೊಳ್ಳುವುದರಿಂದ ಅಲ್ಲಿ ಎರಡು ಸಮಚಿಹ್ನೆಗಳ ಹೋಲಿಕೆ ‘ನಿಜ’ ಎನ್ನುತ್ತದೆ. ಕೀಲಿಮಣೆಯಿಂದ ಬಂದ ಪದಕ್ಕೆ ಹೊಸ ಪ್ರತಿ ಹುಟ್ಟುವುದರಿಂದ ‘ಸುಳ್ಳು’ ಎನ್ನುತ್ತದೆ. ಬರೆದವನು ಪರೀಕ್ಷಿಸಿದಾಗ ಪಾಸು, ಬಳಕೆದಾರ ಟೈಪಿಸಿದಾಗ ಫೇಲು. ಇಲ್ಲಿ ಬಳಸಬೇಕಾದದ್ದು ‘ಈಕ್ವಲ್ಸ್’. ಪೈಥಾನ್ ಮತ್ತು ಸಿ ಶಾರ್ಪ್‌ನಲ್ಲಿ ಎರಡು ಸಮಚಿಹ್ನೆಗಳು ಪದದ ಒಳಗನ್ನೇ ನೋಡುತ್ತವೆ. ಭಾಷೆಯಿಂದ ಭಾಷೆಗೆ ಜಿಗಿಯುವವರು ಎಡವುವುದು ಈ ಹೊಸ್ತಿಲಲ್ಲಿ.

ಬಾಲ ಬೇಡವೆಂದು ಎಫ್‌ಗೆಟ್ಸ್ ಬದಲು ‘ಗೆಟ್ಸ್’ ಬಳಸುವ ಅಭ್ಯಾಸವೊಂದಿತ್ತು. ಅದು ಬಾಲವನ್ನು ತಾನೇ ಕಿತ್ತುಹಾಕುತ್ತದೆ ನಿಜ, ಆದರೆ ಎಷ್ಟು ಉದ್ದದ ಸಾಲು ಬಂದರೂ ಜಾಗ ನೋಡದೆ ತುಂಬುತ್ತದೆ. 1988ರ ನವೆಂಬರಿನಲ್ಲಿ ಅಂತರಜಾಲದ ಸಾವಿರಾರು ಯಂತ್ರಗಳನ್ನು ಕಾಡಿದ ಮಾರಿಸ್ ವರ್ಮ್ ಬಳಸಿಕೊಂಡ ಬಿರುಕುಗಳಲ್ಲಿ ಇದೂ ಒಂದು. 2011ರ ‘ಸಿ’ ಮಾನದಂಡದಿಂದ ಗೆಟ್ಸ್ ಅನ್ನು ತೆಗೆದೇಹಾಕಲಾಯಿತು.

ದಶಮಾಂಶಗಳ ಕಥೆ ಚಿಕ್ಕದು. 0.1 ಎಂಬ ಸಂಖ್ಯೆ ದ್ವಿಮಾನ ಪದ್ಧತಿಯಲ್ಲಿ ಕೊನೆಯಾಗುವುದೇ ಇಲ್ಲ. ಒಂದು ಹಂತದಲ್ಲಿ ಕತ್ತರಿಸಲೇಬೇಕು. ‘ಸಿ’ಯಲ್ಲಿ ಫ್ಲೋಟ್ ಆಗಿ ಓದಿಕೊಂಡ 0.1 ಮತ್ತು ಪ್ರೋಗ್ರಾಂನಲ್ಲಿ ಬರೆದ 0.1 ಬೇರೆ ಬೇರೆ ಕಡೆ ಕತ್ತರಿಸಲ್ಪಡುವುದರಿಂದ ಸಮವಾಗುವುದಿಲ್ಲ. 0.5 ಆದರೆ ಸಮವಾಗುತ್ತದೆ. ಹಣದ ಲೆಕ್ಕವನ್ನು ಪೈಸೆಗಳಲ್ಲಿ, ಪೂರ್ಣಾಂಕವಾಗಿ ಇಡುವುದು ಇದಕ್ಕೇ.

ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೂ ಗೊತ್ತಿದ್ದದ್ದೇ. ದೊಡ್ಡ ವೈ 89, ಚಿಕ್ಕ ವೈ 121. ಹೋಲಿಸುವ ಮುನ್ನ ಎರಡನ್ನೂ ಚಿಕ್ಕಕ್ಷರಕ್ಕೆ ಇಳಿಸಿದರೆ ಸಾಕು.

ಕನ್ನಡದ ಗುಣಿತದಲ್ಲಿ ಅಡಗಿದ ಕಷ್ಟ

ಕನ್ನಡಕ್ಕೆ ದೊಡ್ಡ, ಚಿಕ್ಕ ಅಕ್ಷರಗಳ ರಗಳೆಯಿಲ್ಲ ಎಂದು ಸಮಾಧಾನಪಡುವಂತಿಲ್ಲ. ನಮ್ಮ ಲಿಪಿಯ ಕಷ್ಟ ಬೇರೆ, ಆಳವೂ ಹೆಚ್ಚು.

‘ಕೋಲಾರ’ ಪದವನ್ನು ತೆಗೆದುಕೊಳ್ಳಿ. ಓದುವವನಿಗೆ ಮೂರು ಅಕ್ಷರ. ಯುನಿಕೋಡ್‌ನಲ್ಲಿ ಕ, ಓತ್ವ, ಲ, ದೀರ್ಘ, ರ ಎಂದು ಐದು ಸಂಕೇತಗಳು. ಆದರೆ ಓತ್ವವನ್ನು 3275 ಎಂಬ ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ (3270), ಊಕಾರದ ಕೊಂಬು (3266), ದೀರ್ಘಚಿಹ್ನೆ (3285) ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಹಲಗೆಯ ಮೇಲೆ ಕೈಯಲ್ಲಿ ಬರೆಯುವಾಗ ನಾವು ಮಾಡುವುದು ಎರಡನೆಯದನ್ನೇ. ಪರದೆಯ ಮೇಲೆ ಎರಡೂ ‘ಕೋ’. ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ ಒಂದು ಕೋಲಾರ 15 ಬೈಟ್, ಇನ್ನೊಂದು ಕೋಲಾರ 21 ಬೈಟ್. ಬೈಟುಗಳನ್ನು ಮಾತ್ರ ನೋಡುವ ಯಂತ್ರಕ್ಕೆ ಇವು ಎರಡು ಊರುಗಳು.

ಈ ಬಗೆಯ ಭೇದಕ್ಕೆ ಯುನಿಕೋಡ್‌ನಲ್ಲಿಯೇ ಮದ್ದಿದೆ. ನಾರ್ಮಲೈಸೇಷನ್ ಎಂಬ ಈ ಕ್ರಮ ತುಂಡುಗಳನ್ನು ಕೂಡಿಸಿ ಪದಕ್ಕೆ ಒಂದು ನಿಶ್ಚಿತ ರೂಪ ಕೊಡುತ್ತದೆ. ಪೈಥಾನ್, ಜಾವಾ, ಸಿ ಶಾರ್ಪ್ ಮೂರರಲ್ಲಿಯೂ ಇದಕ್ಕೆ ಸಿದ್ಧ ಸೌಲಭ್ಯವುಂಟು. ‘ಸಿ’ಯ ಮೂಲ ಗ್ರಂಥಾಲಯದಲ್ಲಿ ಇಲ್ಲ.

ಮದ್ದಿಗೆ ಬಗ್ಗದ ಎರಡು ಕಾಯಿಲೆಗಳಿವೆ. ಒಂದು, ಅನುಸ್ವಾರದ ಬದಲು ಕನ್ನಡದ ಸೊನ್ನೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ದಿಟ್ಟಿಸಿ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಸಂಕೇತ 3202. ಎರಡನೆಯದರಲ್ಲಿ ಇರುವುದು ಸೊನ್ನೆ ಎಂಬ ಅಂಕಿ, ಸಂಕೇತ 3302. ನೋಟದಲ್ಲಿ ಒಂದೇ ಆದರೂ ಇವು ನಿಜಕ್ಕೂ ಬೇರೆ ಬೇರೆ ಅಕ್ಷರಗಳಾದ್ದರಿಂದ ನಾರ್ಮಲೈಸೇಷನ್ ಇವನ್ನು ಮುಟ್ಟುವುದಿಲ್ಲ. ಲೇಖನದ ಆರಂಭದಲ್ಲಿ ಕಂಡ ವಿದ್ಯಾರ್ಥಿಯ ಸರಿಯುತ್ತರದೊಳಗೆ ಇಂಥದೊಂದು ಸೊನ್ನೆ ಕುಳಿತಿದ್ದರೆ, ಅವನು ಸರಿಯಾಗಿ ಟೈಪಿಸಿದಷ್ಟು ಸಲವೂ ಸೋಲುತ್ತಾನೆ.

ಇನ್ನೊಂದು, ಅಗಲವಿಲ್ಲದ ಚಿಹ್ನೆಗಳು. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯಲು 8204ನೇ ಸಂಕೇತದ ಅದೃಶ್ಯ ಚಿಹ್ನೆ ಬೇಕು. ಕೆಲವು ಟೈಪಿಂಗ್ ತಂತ್ರಾಂಶಗಳು ಪದದ ಕೊನೆಯ ವ್ಯಂಜನದ ಬಳಿಕವೂ ಇದನ್ನು ತಾವಾಗಿಯೇ ಸೇರಿಸುವುದುಂಟು. ಆಗ ‘ಮಹೇಶ್’ ಎಂಬ ಹೆಸರು ಒಂದು ಕಡತದಲ್ಲಿ ಐದು ಸಂಕೇತ, ಇನ್ನೊಂದರಲ್ಲಿ ಆರು. ಪದದ ಆಚೀಚೆಯ ಖಾಲಿ ಜಾಗವನ್ನು ತೆಗೆಯುವ ಪೈಥಾನ್‌ನ ‘ಸ್ಟ್ರಿಪ್’ ಕೂಡ ಈ ಚಿಹ್ನೆಯನ್ನು ಖಾಲಿ ಜಾಗವೆಂದು ಪರಿಗಣಿಸುವುದಿಲ್ಲ.

ಯುನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳ ಕಡತಗಳದ್ದು ಇನ್ನೂ ದೂರದ ಸಮಸ್ಯೆ. ಅಲ್ಲಿ ಇಂಗ್ಲಿಷ್ ಲಿಪಿಯ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ಅವನ್ನು ಯುನಿಕೋಡ್‌ಗೆ ಪರಿವರ್ತಿಸದೆ ಹೋಲಿಸುವ ಪ್ರಶ್ನೆಯೇ ಇಲ್ಲ. ಸೊನ್ನೆ, ಅದೃಶ್ಯ ಚಿಹ್ನೆಗಳು ಉಳಿದಿವೆಯೇ ಎಂದು ಪರಿವರ್ತನೆಯ ನಂತರ ನೋಡುವುದೂ ಅಷ್ಟೇ ಅಗತ್ಯ.

ಎಲ್ಲವನ್ನೂ ಸಮಮಾಡುವ ಉತ್ಸಾಹವೂ ಒಳ್ಳೆಯದಲ್ಲ. ಹೆಸರು ಹುಡುಕುವಾಗ ಸಡಿಲ ಹೋಲಿಕೆ ಉಪಕಾರಿ. ಗುಪ್ತಪದದಲ್ಲಿ ದೊಡ್ಡ, ಚಿಕ್ಕ ಅಕ್ಷರಗಳನ್ನು ಒಂದಾಗಿಸಿದರೆ ಕಳ್ಳನ ಕೆಲಸ ಹಗುರಾಗುತ್ತದೆ. ಅಲ್ಲದೆ ಸಾಮಾನ್ಯ ಹೋಲಿಕೆ ಮೊದಲ ವ್ಯತ್ಯಾಸ ಕಂಡೊಡನೆ ನಿಲ್ಲುವುದರಿಂದ, ಅದಕ್ಕೆ ಹಿಡಿದ ಸಮಯವನ್ನು ಅಳೆದು ಎಷ್ಟು ಅಕ್ಷರ ಸರಿಯಿದ್ದವೆಂದು ಊಹಿಸುವವರಿದ್ದಾರೆ. ಆದ್ದರಿಂದ ಸುರಕ್ಷಿತ ತಂತ್ರಾಂಶಗಳು ಗುಪ್ತಪದದ ಬದಲು ಅದರಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಮುದ್ರೆಯನ್ನು ಇಟ್ಟುಕೊಂಡು, ಎಲ್ಲ ಬೈಟುಗಳನ್ನೂ ಕೊನೆಯವರೆಗೆ ನೋಡುತ್ತವೆ. ಕನ್ನಡದಲ್ಲಿ ಗುಪ್ತಪದ ಇಡುವವರಿಗೆ ಓತ್ವದ ಎರಡು ರೂಪಗಳಿಂದ ಎರಡು ಮುದ್ರೆಗಳು ಹುಟ್ಟುತ್ತವೆ. ಮುದ್ರೆ ಲೆಕ್ಕ ಹಾಕುವ ಮೊದಲೇ ನಾರ್ಮಲೈಸ್ ಮಾಡಬೇಕೆಂದು 2017ರ ಆರ್‌ಎಫ್‌ಸಿ 8265 ಎಂಬ ಅಂತರಜಾಲ ಮಾನದಂಡ ಹೇಳುವುದು ಇದಕ್ಕಾಗಿ.

ಹೆಸರುಗಳ ವಿಷಯದಲ್ಲಿ ಪಾಲಿಸಬಹುದಾದ ಕ್ರಮ ಹೀಗಿದೆ. ಎಂಟರ್‌ನ ಬಾಲ ಮತ್ತು ಆಚೀಚೆಯ ಖಾಲಿ ಜಾಗ ತೆಗೆಯುವುದು, ನಾರ್ಮಲೈಸ್ ಮಾಡುವುದು, ಕನ್ನಡ ಅಕ್ಷರಗಳ ನಡುವೆ ಸಿಕ್ಕ ಸೊನ್ನೆಯನ್ನು ಅನುಸ್ವಾರವಾಗಿಸುವುದು, ಅದೃಶ್ಯ ಚಿಹ್ನೆಗಳನ್ನು ಕಿತ್ತುಹಾಕುವುದು, ಆಮೇಲೆ ಹೋಲಿಸುವುದು. ಟೈಪಿಸಿದ ಪದಕ್ಕೂ ದಾಖಲೆಯ ಪದಕ್ಕೂ ಇದೇ ಉಪಚಾರ ನಡೆಯಬೇಕು. ಆದರೆ ಇದು ಹೋಲಿಕೆಗೆಂದು ಮಾಡಿಕೊಂಡ ಪ್ರತಿಗೆ ಮಾತ್ರ. ಮೂಲವನ್ನೇ ಹೀಗೆ ಗುಡಿಸಿದರೆ, ಅದೃಶ್ಯ ಚಿಹ್ನೆ ಕಳೆದುಕೊಂಡ ‘ಸಾಫ್ಟ್‌ವೇರ್’ನ ವಕಾರ ಟಕಾರದ ಕೆಳಗೆ ಇಳಿದು ‘ಸಾಫ್ಟ್ವೇರ್’ ಎಂದು ಅಚ್ಚಾಗುತ್ತದೆ.