ಬ್ರೆಸ್ಟ್ ಲಿಫ್ಟ್: ಆಪರೇಷನ್ ಎರಡು ಮೂರು ಗಂಟೆ, ಆಮೇಲಿನ ಆರು ವಾರ?

ಮಗುವಿಗೆ ಹಾಲು ಕೊಟ್ಟಿದ್ದಕ್ಕೇ ಎದೆ ಜೋತುಬಿತ್ತು ಅಂತ ನಮ್ಮ ಹಾಸನದ ಕಡೆ ಈಗಲೂ ಹೇಳುವವರಿದ್ದಾರೆ. 2007ರಲ್ಲಿ ಅಮೆರಿಕದ ಕೆಂಟಕಿಯ ಪ್ಲಾಸ್ಟಿಕ್ ಸರ್ಜನ್‌ಗಳು ಇದನ್ನೇ ಪರಿಶೀಲಿಸಿದಾಗ ಹಾಲೂಡಿಸುವುದು ಕಾರಣವೆಂದು ಕಂಡುಬರಲಿಲ್ಲ. ವಯಸ್ಸು, ಎಷ್ಟು ಸಲ ಗರ್ಭಿಣಿಯಾದರು ಎಂಬುದು, ತೂಕ, ಸಿಗರೇಟು – ಕಾರಣ ಇವು. ಆದ್ದರಿಂದ ಈ ಭಯಕ್ಕೆ ಯಾರೂ ಹಾಲು ಬಿಡಿಸಬೇಕಿಲ್ಲ.

ಬ್ರೆಸ್ಟ್ ಲಿಫ್ಟ್‌ನಲ್ಲಿ ಹೆಚ್ಚಾದ ಚರ್ಮ ತೆಗೆದು, ಒಳಗಿನ ಭಾಗವನ್ನು ಎತ್ತಿ ಕೂರಿಸಿ, ತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ಗಾತ್ರ ದೊಡ್ಡದಾಗಲ್ಲ. ಅದಕ್ಕೆ ಬೇರೆ ಆಪರೇಷನ್ ಇದೆ, ಅದರ ತಾಪತ್ರಯಗಳೂ ಬೇರೆ. ರೀಲ್ಸ್‌ನಲ್ಲಿ ಸರಿಯಾಗಿ ಕಾಣದೇ ಇರೋದು ಕಲೆ. ತೊಟ್ಟಿನ ಸುತ್ತ ಒಂದು, ಬಹಳಷ್ಟು ಸಲ ಅಲ್ಲಿಂದ ಕೆಳಕ್ಕೆ ಇನ್ನೊಂದು, ತುಂಬಾ ಜೋತಿದ್ದರೆ ಅಡಿಯ ಮಡಿಕೆಯಲ್ಲೂ ಅಡ್ಡಕ್ಕೆ ಮತ್ತೊಂದು. ವರ್ಷವೊಂದರಲ್ಲಿ ಮಾಸುತ್ತದೆ, ಅಳಿಸಿ ಹೋಗುವುದಿಲ್ಲ. ತೊಟ್ಟಿನ ಸ್ಪರ್ಶ ಕೆಲವು ತಿಂಗಳು ಕಮ್ಮಿಯಾಗಬಹುದು, ಕೆಲವರಿಗೆ ಪೂರ್ತಿ ವಾಪಸ್ ಬರುವುದಿಲ್ಲ. ಮುಂದೆ ಹಾಲೂಡಿಸಲು ತೊಂದರೆಯಾಗಬಹುದು. ಇನ್ನೊಮ್ಮೆ ಗರ್ಭಿಣಿಯಾದರೆ, ತೂಕ ಏರಿಳಿದರೆ ಮತ್ತೆ ಜೋಲುತ್ತದೆ. ಹಾಗಾಗಿ ಮಕ್ಕಳು ಸಾಕು ಅಂತ ತೀರ್ಮಾನವಾದ ಮೇಲೆ ಮಾಡಿಸುವುದೇ ವಾಸಿ.

ಲ್ಯಾಪ್‌ಟಾಪ್ ಕೆಲಸಕ್ಕೆ ಒಂದೆರಡು ವಾರದಲ್ಲಿ ಕೂರಬಹುದು. ವರ್ಕ್ ಫ್ರಮ್ ಹೋಮ್ ಇದ್ದರಂತೂ ಆಫೀಸಿನವರಿಗೆ ಗೊತ್ತೂ ಆಗಲ್ಲ. ಕಷ್ಟ ಇರೋದು ಮನೆಯಲ್ಲಿ. ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಕೈ ಮೇಲಕ್ಕೆ ಚಾಚುವಂತಿಲ್ಲ, ಹಗಲು ರಾತ್ರಿ ಸಪೋರ್ಟ್ ಬ್ರಾ, ಅಂಗಾತವೇ ನಿದ್ದೆ. ಅರಕಲಗೂಡಿನ ಮನೆಯೊಂದರಲ್ಲಿ ನೀರಿನ ಕೊಡ, ಹಾಲಿನ ಕ್ಯಾನು, ಎರಡು ವರ್ಷದ ಮಗು – ಇವನ್ನೆಲ್ಲ ಯಾರು ಎತ್ತುತ್ತಾರೆ? ಬಾಣಂತನಕ್ಕಾದರೆ ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲ ಬರುತ್ತಾರೆ. ಇದಕ್ಕೆ ಯಾರನ್ನೂ ಕರೆಯಲು ಬಾಯಿ ಬರುವುದಿಲ್ಲ. ಟ್ರೇನಿಂಗ್ ಅಂತ ಹೇಳಿ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಂದರೆ, ಸೊಸೆ ಯಾಕೆ ಬಿಂದಿಗೆ ಎತ್ತುತ್ತಿಲ್ಲ ಅಂತ ಅತ್ತೆಗೆ ಹೇಗೆ ಗೊತ್ತಾಗಬೇಕು!

ಗುಟ್ಟಿಗೆ ಇನ್ನೂ ದೊಡ್ಡ ಬೆಲೆ ತೆತ್ತದ್ದೂ ಇದೆ. 2022ರ ಮೇನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡರು. ಅದು ಬೇರೆ ಆಪರೇಷನ್, ನಿಜ. ಮನೆಯವರಿಗೆ ಹೇಳದೆ ಹೋಗಿದ್ದರು ಎಂದು ಆಗ ವರದಿಯಾಗಿತ್ತು. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯೇ, ಅರಿವಳಿಕೆ ಕೊಡುವ ವೈದ್ಯರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯೇ – ಅಡ್ವಾನ್ಸ್ ಕಟ್ಟುವ ಮುಂಚೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಕಂಪನಿ ಇನ್ಶೂರೆನ್ಸ್ ನಂಬಬೇಡಿ, ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ಸಾಮಾನ್ಯವಾಗಿ ಕ್ಲೇಮ್ ಸಿಗಲ್ಲ. ಕ್ಯಾನ್ಸರ್ ಆಪರೇಷನ್ ನಂತರ ಸ್ತನ ಮರುರೂಪಿಸುವುದರ ನಿಯಮ ಬೇರೆ.

ಬೆಂಗಳೂರಿನಲ್ಲಿ ಮಾಡಿಸಿದರೆ ಮೊದಲ ವಾರ ಅಲ್ಲೇ ಉಳಿಯುವುದು ಒಳ್ಳೇದು, ಚೆಕಪ್‌ಗೂ ಹತ್ತಿರ. ವಾಪಸ್ ಬರಲು ಚನ್ನರಾಯಪಟ್ಟಣ, ಹಾಸನದವರಿಗೆ ನೇರ ರೈಲಿದೆ. ಹೊಳೆನರಸೀಪುರಕ್ಕೆ ಹಾಸನದಲ್ಲಿ ಇಳಿದು ಹೋಗಬಹುದು. ಅರಕಲಗೂಡಿಗೆ ರೈಲಿಲ್ಲ, ಕೊನೆಯ ದಾರಿಗೆ ಕಾರು ಮಾಡಿಕೊಳ್ಳಿ. ಬ್ಯಾಗನ್ನು ಜೊತೆಗಿರುವವರೇ ಹಿಡಿಯಲಿ. ಊರಿಗೆ ಬಂದ ಮೇಲೆ ಜ್ವರ, ಕೀವು, ಒಂದೇ ಕಡೆ ದಿಢೀರ್ ಊತ, ತೊಟ್ಟು ಕಪ್ಪಾಗುವುದು, ಮೀನಖಂಡದಲ್ಲಿ ನೋವು, ಉಸಿರು ಕಟ್ಟುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಸರ್ಜನ್‌ಗೆ ಫೋನ್ ಮಾಡುತ್ತಲೇ, ಡಿಸ್ಚಾರ್ಜ್ ಸಮ್ಮರಿ ಹಿಡಿದು ಹಾಸನದ ಹಿಮ್ಸ್ ತುರ್ತು ವಿಭಾಗಕ್ಕೆ ಹೊರಡಿ.